ಪೆತ್ಕಾ ತಾಯಿಯ ಎಡಗಣ್ಣು

ಈ ವೃತ್ತಾಂತವನ್ನು ನಾನು ಮೂರು ಕಡೆ ಕೇಳಿ ಬರೆದುಕೊಂಡಿದ್ದೇನೆ. ಮೊದಲನೆಯ ಪಾಠ ನಮ್ಮ ಪಟ್ಟಣದ ವಸ್ತುಸಂಗ್ರಹಾಲಯದ ಬಾಗಿಲು ಕಾಯುವ ಪ್ರೊಕಾನದು. ಎರಡನೆಯದು ಅಲ್ಲಿಯೇ ಹಳೆಯ ದೇವರಪಟಗಳನ್ನು ದುರಸ್ತಿ ಮಾಡುವ ವುಕೋಸಾವಾಳದು. ಮೂರನೆಯದು ತಿಮೋಕ್ ನದಿಯಾಚೆಯ ಹಳ್ಳಿಗಳಲ್ಲಿ ಹಬ್ಬಿರುವುದು. ಹೇಳುವವರಲ್ಲಿ ಯಾರೊಬ್ಬರೂ ಆ ದಿನ ಅಲ್ಲಿರಲಿಲ್ಲವಾದ್ದರಿಂದ ಅದೇ ಎಲ್ಲಕ್ಕಿಂತ ವಿವರವಾಗಿದೆ. ಪಾಠಗಳು ಒಂದಕ್ಕೊಂದು ಹೊಂದದ ಕಡೆ ಪ್ರೊಕಾನನ್ನು ಅನುಸರಿಸಿದ್ದೇನೆ. ಆತ ಮೊದಲಿನಿಂದ ಕೊನೆಯವರೆಗೆ ಬಾಗಿಲಲ್ಲಿಯೇ ನಿಂತಿದ್ದವನು, ಮತ್ತು ಕಥೆಯನ್ನು ಚಂದಗಾಣಿಸುವ ಉತ್ಸಾಹ ಅವನಿಗಿಲ್ಲ.

ಪಟ ಸಂತ ಪೆತ್ಕಾಳದು. ಎರಡೂವರೆ ಗೇಣು ಎತ್ತರದ ಹಲಗೆ. ಛಾವಣಿ ಕುಸಿದ ಹಳ್ಳಿಯ ಚರ್ಚೊಂದರಿಂದ ಬಂದದ್ದು. ಇನ್ನೂರು ವರ್ಷಗಳ ಮೇಣದಬತ್ತಿಯ ಮಸಿ ಅದರ ಮೇಲೆ ಕುಳಿತು, ಬಂದಾಗ ಅದು ಒಲೆಯ ಹಿಂದಿನ ಗೋಡೆಯ ತುಂಡಿನಂತಿತ್ತು. ಸಂಗ್ರಹಾಲಯದ ಲೆಕ್ಕದಲ್ಲಿ ಅದರ ಹೆಸರು ೨೨೧೭. ಅಲ್ಲಿನ ನೌಕರರೆಲ್ಲರೂ ಅದನ್ನು ಹಾಗೆಯೇ ಕರೆಯುತ್ತಿದ್ದರು: "೨೨೧೭ನ್ನ ಸ್ವಲ್ಪ ಈ ಕಡೆ ಸರಿಸಿ", "೨೨೧೭ಕ್ಕೆ ತೇವ ತಾಗೀತು". ಈ ಅಭ್ಯಾಸವನ್ನು ಓದುಗರು ಗಮನಿಸಬೇಕು. ಮುಂದೆ ಆದದ್ದಕ್ಕೆಲ್ಲ ಇದೇ ಕಾರಣ.

ವುಕೋಸಾವಾ ಹದಿನಾಲ್ಕು ತಿಂಗಳಿನಿಂದ ಈ ಹಲಗೆಯ ಮುಂದೆ ಕುಳಿತಿದ್ದಳು. ಕಡ್ಡಿಗೆ ಹತ್ತಿ ಸುತ್ತಿ, ನಾಲಿಗೆಯ ತುದಿಗೆ ತಾಗಿಸಿ, ಮಸಿಯ ಮೇಲೆ ಉರುಳಿಸಿ, ಆ ಹತ್ತಿಯನ್ನು ಬಿಸಾಡಿ ಹೊಸದನ್ನು ಸುತ್ತುವುದು ಅವಳ ಕ್ರಮ. ಸಂತಳ ಸೆರಗು, ಕೈ, ಕೈಯಲ್ಲಿನ ಶಿಲುಬೆ, ಹಣೆ, ಬಲಗಣ್ಣು ಹೀಗೆ ಒಂದೊಂದಾಗಿ ಹೊರಬಂದಿದ್ದವು. ಉಳಿದದ್ದು ಎಡಗಣ್ಣು, ಒಂದು ಅವರೆಕಾಳಿನಷ್ಟು ಜಾಗ. ಆ ಜಾಗದಲ್ಲಿ ಬಣ್ಣ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳುವಾಗಿದೆ ಎಂದು ಅವಳಿಗೆ ಭೂತಗನ್ನಡಿಯಲ್ಲಿ ಕಂಡಿತ್ತು. ಅವಸರದ ಕೈ ಬಿದ್ದರೆ ಮಸಿಯ ಜೊತೆಗೆ ಕಣ್ಣೂ ಹೋಗುತ್ತದೆ. ಅದಕ್ಕೆಂದೇ ಅದನ್ನು ಕೊನೆಗೆ ಇಟ್ಟುಕೊಂಡಿದ್ದಳು.

ಅವಳು ಆ ಕಣ್ಣಿನ ಮಸಿ ತೆಗೆಯಬೇಕೆಂದಿದ್ದ ವಾರದಲ್ಲಿಯೇ ನಿರ್ದೇಶಕ ಗ್ವೋಜ್ದೆನ್ ರಾಜಧಾನಿಯ ಒಂದು ತರಬೇತಿಯಿಂದ ಹಿಂದಿರುಗಿದನು. ಜನ ಈಗ ಸಂಗ್ರಹಾಲಯಗಳಲ್ಲಿ ಇಟ್ಟದ್ದನ್ನು ನೋಡಲು ಬಯಸುವುದಿಲ್ಲ, ಬಚ್ಚಿಟ್ಟದ್ದನ್ನು ನೋಡಲು ಬಯಸುತ್ತಾರೆ ಎಂದು ಆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಹಿಂದಿರುಗಿದ ಮೂರನೆಯ ದಿನ ಹನ್ನೊಂದು ಪುಟಗಳ ಯೋಜನೆ ಸಿದ್ಧವಾಯಿತು: ಪತ್ರಕರ್ತರಿಗೆ ತೆರೆಮರೆಯ ದರ್ಶನ, ಅಕ್ಟೋಬರ್ ಹತ್ತೊಂಬತ್ತು, ಗುರುವಾರ. ಸಚಿವಾಲಯದ ಉಪಕಾರ್ಯದರ್ಶಿ ವೆಲಿಬೋರ್ ಕೂಡ ಬರಲಿದ್ದರು. ಯೋಜನೆಯ ನಾಲ್ಕನೆಯ ಪುಟದಲ್ಲಿ, "ಉಪಕಾರ್ಯದರ್ಶಿಗಳ ಮನೆದೇವರೂ ಸಂತ ಪೆತ್ಕಾಳೇ, ಭಾವನಾತ್ಮಕ ಸಂಬಂಧ, ಉಪಯೋಗಿಸಿಕೊಳ್ಳುವುದು" ಎಂದು ಗ್ವೋಜ್ದೆನ್ ಬರೆದು ಎರಡು ಗೆರೆ ಎಳೆದಿದ್ದನು.

ಯೋಜನೆಯ ಪುಟಗಳನ್ನು ಎದೆಗೊತ್ತಿಕೊಂಡು ಅವನು ದುರಸ್ತಿಯ ಕೋಣೆಗೆ ಬಂದನು.

"ತೇತಾ ವುಕಾ, ಎಡಗಣ್ಣು ಇನ್ನೂ ಮುಟ್ಟಿಲ್ಲ ತಾನೆ?"

ನಮ್ಮಲ್ಲಿ ಹಿರಿಯ ಹೆಂಗಸನ್ನು ತೇತಾ, ಅಂದರೆ ಅತ್ತೆ, ಎನ್ನುವುದು ವಾಡಿಕೆ. ಗ್ವೋಜ್ದೆನ್ ಕೆಲಸವಾಗಬೇಕಾದಾಗ ತೇತಾ ಎನ್ನುತ್ತಿದ್ದನು, ಸಿಟ್ಟು ಬಂದಾಗ ಮೇಡಂ ಎನ್ನುತ್ತಿದ್ದನು.

"ನಾಳೆ ಶುರು ಮಾಡ್ತೀನಿ," ಎಂದಳು ವುಕೋಸಾವಾ.

"ಅಯ್ಯೋ ಬೇಡಿ! ಹತ್ತೊಂಬತ್ತನೇ ತಾರೀಕು ಮಾಡಿ. ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ."

"ಏನನ್ನ?"

"ಕಣ್ಣು ತೆರೆಸೋದನ್ನ. ಎಲ್ಲರ ಎದುರಿಗೆ. ಅದಕ್ಕೆ ನಾಲ್ಕು ನಿಮಿಷ ಇಟ್ಟಿದೀನಿ ನೋಡಿ, ಏಳನೇ ಪುಟ."

"ಮಗಾ, ಇದಕ್ಕೆ ನಾಲ್ಕು ದಿನ ಬೇಕು."

"ಗೊತ್ತು, ಅದಕ್ಕೇ ನಾಲ್ಕು ಇಟ್ಟಿರೋದು. ಬಾಯ್ಲರ್ ಕೋಣೆಗೆ ಎರಡೇ."

ವುಕೋಸಾವಾ ಕನ್ನಡಕ ತೆಗೆದು ಅವನನ್ನು ನೋಡಿದಳು. ಅವನು ಕಲಿಯಲೆಂದು ಇಲ್ಲಿಗೆ ಬಂದ ಕಾಲದಲ್ಲಿ, ಧೂಳು ಹೊಡೆಯುವಾಗ ಮಣ್ಣಿನ ಕೊಡವೊಂದನ್ನು ಒಡೆದಿದ್ದನು. ಅದನ್ನು ಜೋಡಿಸಿ ಅವನ ಕೆಲಸ ಉಳಿಸಿದವಳು ಇವಳೇ. ಆ ಮಾತನ್ನು ಇಬ್ಬರೂ ಎಂದೂ ಎತ್ತುವುದಿಲ್ಲ.

"ಇನ್ನೊಂದು ವಿಷಯ," ಎಂದು ಗ್ವೋಜ್ದೆನ್ ದನಿ ತಗ್ಗಿಸಿದನು. "ಅವತ್ತೂ ನೀವು ಅದನ್ನೇ ಹಚ್ತೀರಾ?"

"ಯಾವುದನ್ನ?"

"ಅದೇ... ಬಾಯಲ್ಲಿರೋದನ್ನ."

"ಉಗುಳು ಅನ್ನೋಕೆ ನಾಚಿಕೆ ಯಾಕೆ? ಮೂವತ್ತೊಂದು ವರ್ಷದಿಂದ ಹಚ್ತಿದೀನಿ. ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲೂ ಇದೇ ಹಚ್ಚೋದು. ಬೆಚ್ಚಗಿರುತ್ತೆ, ಮಸಿ ಬಿಡಿಸುತ್ತೆ, ಬಣ್ಣ ತಿನ್ನಲ್ಲ. ಪುಕ್ಕಟೆ ಬೇರೆ."

"ಪುಕ್ಕಟೆ ಅನ್ನೋದೇ ಬಂದಿರೋ ಕಷ್ಟ! ನಾನು ಸಚಿವಾಲಯಕ್ಕೆ ಏನಂತ ಕೇಳ್ಲಿ? ಇನ್ನಷ್ಟು ಉಗುಳು ಮಂಜೂರು ಮಾಡಿ ಅಂತಲೇ?" ಅವನು ಪೆನ್ನು ತೆಗೆದು ಏಳನೆಯ ಪುಟದ ಅಂಚಿನಲ್ಲಿ ಬರೆದುಕೊಂಡನು: "ಮಾನವಮೂಲದ ಜೈವಿಕ ದ್ರಾವಣ." ಬರೆದದ್ದನ್ನು ಓದಿ ಸಮಾಧಾನಗೊಂಡನು. "ಅವತ್ತು ಒಂದು ಸೀಸೆ ಇರುತ್ತೆ. ನೀಲಿ ಬಣ್ಣದ್ದು. ಬರೀ ನೀರು. ಅದರಲ್ಲಿ ಅದ್ದಿ."

"ನೀರಲ್ಲಿ ಈ ಮಸಿ ಹೋಗಲ್ಲ."

"ನೋಡಿ, ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ. ರಾಜಧಾನೀಲಿ ಒಬ್ಬ ತಜ್ಞ ಇದಾರೆ, ಅವರದೇ ಸೀಸೆ ತರ್ತಾರೆ. ಒಂದು ಮಧ್ಯಾಹ್ನದಲ್ಲಿ ಇಡೀ ಮುಖ ಫಳಫಳ ಅನ್ನಿಸ್ತಾರೆ."

ಆ ತಜ್ಞನ ಕೈಚಳಕವನ್ನು ವುಕೋಸಾವಾ ಬಲ್ಲಳು. ಮಠವೊಂದರಲ್ಲಿ ಆತ ದೇವದೂತನೊಬ್ಬನ ಪಟವನ್ನು ಎಷ್ಟು ಚೆನ್ನಾಗಿ ತೊಳೆದಿದ್ದನೆಂದರೆ ಅಲ್ಲೀಗ ರೆಕ್ಕೆಗಳು ಮಾತ್ರ ಇವೆ, ಹೊತ್ತವನಿಲ್ಲ. ಅವಳು ಹಲಗೆಯ ಕಡೆಗೆ ತಿರುಗಿದಳು. ಆಮೇಲೆ, ಪ್ರಾಮಾಣಿಕಳಾದ ಹೆಂಗಸೊಬ್ಬಳು ಜೀವನದಲ್ಲಿ ಒಮ್ಮೆ ಮಾತ್ರ ಆಡುವಂಥ ಮಾತನ್ನು ಆಡಿದಳು.

"ಕೇಳಿಲ್ಲಿ. ಈಗ ನನಗೆ ನಾಲ್ಕು ದಿನ ಕೊಡು. ಬಾಗಿಲು ಹಾಕಿರ್ಬೇಕು. ಕಣ್ಣು ನನ್ನ ರೀತೀಲಿ ತೆಗೀತೀನಿ. ಆಮೇಲೆ ಅದರ ಮೇಲೆ ತೆಳ್ಳಗೆ ಮೇಣ ಎಳೆದು, ಮತ್ತೆ ಕಪ್ಪು ಬಳೀತೀನಿ, ನೀರಲ್ಲಿ ಹೋಗೋ ಕಪ್ಪು. ಹತ್ತೊಂಬತ್ತಕ್ಕೆ ನಿನ್ನ ನೀಲಿ ಸೀಸೇಲಿ ಅದ್ದಿ ಒರೆಸ್ತೀನಿ. ನಾಲ್ಕು ನಿಮಿಷ ಯಾಕೆ, ಒಂದೂವರೆ ಸಾಕು."

ಗ್ವೋಜ್ದೆನ್‌ನ ಕಣ್ಣುಗಳಲ್ಲಿ ನೀರು ಬಂತೆಂದು ವುಕೋಸಾವಾ ಹೇಳುತ್ತಾಳೆ. "ಅಂದ್ರೆ ತೆರೆಮರೆಗೇ ಒಂದು ತೆರೆಮರೆ! ತೇತಾ ವುಕಾ, ಈ ಯೋಚನೆ ಆ ತರಬೇತೀಲಿ ಯಾರಿಗೂ ಬಂದಿರ್ಲಿಲ್ಲ."

ಯೋಜನೆಗೆ ಹನ್ನೆರಡನೆಯ ಪುಟವೊಂದು ಸೇರಿತು. ಅದನ್ನು ಅವನು ಯಾರಿಗೂ ಹಂಚಲಿಲ್ಲ.

ಮುಂದಿನ ನಾಲ್ಕು ದಿನಗಳ ವಿಷಯದಲ್ಲಿ ವುಕೋಸಾವಾಳ ಪಾಠವೊಂದೇ ನಮಗಿರುವುದು. ಕೆಲಸದ ದಿನಗಳಲ್ಲಿ ಅವಳು ಕಾಫಿ, ಬೆಳ್ಳುಳ್ಳಿ, ದ್ರಾಕ್ಷಾರಸ ಯಾವುದನ್ನೂ ಮುಟ್ಟುವುದಿಲ್ಲ, ಬಾಯಿ ಶುದ್ಧವಾಗಿರಬೇಕು. ಮೊದಲ ದಿನ ರೆಪ್ಪೆಯ ಅಂಚು, ಎರಡನೆಯ ದಿನ ಬಿಳಿಯ ಭಾಗ, ಮೂರನೆಯ ದಿನ ಏನೂ ಇಲ್ಲ, ಪಾಪೆಯ ಜಾಗವನ್ನು ಭೂತಗನ್ನಡಿಯಲ್ಲಿ ನೋಡುತ್ತ ಕುಳಿತಿದ್ದಳು. ನಾಲ್ಕನೆಯ ದಿನ ಮಧ್ಯಾಹ್ನ ಪಾಪೆ ಹೊರಬಂತು. ಕಂದು ಬಣ್ಣ. ಬಲಗಣ್ಣು ನೇರವಾಗಿ ನೋಡುತ್ತಿದ್ದರೆ ಎಡಗಣ್ಣು ಕೊಂಚ ಪಕ್ಕಕ್ಕೆ, ಬಾಗಿಲಿನ ಕಡೆಗೆ, ಯಾರೋ ಒಳಗೆ ಬಂದರೇನೋ ಎಂಬಂತೆ ನೋಡುತ್ತಿತ್ತು. ಕಣ್ಣಿನ ಮೂಲೆಯಲ್ಲಿ ಚಿತ್ರಕಾರ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆಯೊಂದನ್ನು ಇಟ್ಟಿದ್ದನು. ಅಳುವವರ ಕಣ್ಣಿನಲ್ಲಿರುವುದು ಅದೇ, ಈರುಳ್ಳಿ ಹೆಚ್ಚಿದವರ ಕಣ್ಣಿನಲ್ಲಿರುವುದೂ ಅದೇ. ವುಕೋಸಾವಾ ಆ ದಿನ ಸಂಜೆಯವರೆಗೆ ಅದರ ಮುಂದಿನಿಂದ ಏಳಲಿಲ್ಲ.

ಮರುದಿನ ಅವಳು ಮೇಣ ಕರಗಿಸಿ, ಉಸಿರಿನಷ್ಟು ತೆಳುವಾಗಿ ಕಣ್ಣಿನ ಮೇಲೆ ಎಳೆದಳು. ಅದು ಒಂದು ಸಲದ ಒರೆಸುವಿಕೆಯನ್ನು ತಡೆಯುತ್ತದೆ, ಎರಡನೆಯದನ್ನು ತಡೆಯುವುದಿಲ್ಲ. ದಪ್ಪನಾಗಿ ಎಳೆದರೆ ತೆಗೆಯುವಾಗ ಬಣ್ಣವೇ ಕಿತ್ತು ಬರುತ್ತದೆ. ಮೇಣದ ಮೇಲೆ, ಕಾಫಿ ಪಾತ್ರೆಯ ತಳದಲ್ಲಿ ಉಳಿದ ಗಸಿಯನ್ನು ನುಣ್ಣಗೆ ಅರೆದು, ಆಲೂಗಡ್ಡೆಯ ಹಿಟ್ಟಿನ ಗಂಜಿಯಲ್ಲಿ ಕಲಸಿ ಬಳಿದಳು. ಪಕ್ಕದ ಹಳೆಯ ಮಸಿಗೂ ಇದಕ್ಕೂ ಸಂತ ಪೆತ್ಕಾಳಿಗೇ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

"ಹೊದಿಸಿದಾಗ ಏನನ್ನಿಸಿತು?" ಎಂದು ನಾನು ಕೇಳಿದೆ.

"ಮಲಗಿಸಿದ ಹಾಗೆ," ಎಂದಳು. "ಜೊತೆಗೆ, ಸುಳ್ಳು ಸಾಕ್ಷಿ ಹೇಳಿದ ಹಾಗೆ."

ಇನ್ನು ಸಂಗ್ರಹಾಲಯದ ಉಳಿದ ಭಾಗ. ತೆರೆಯ ಮರೆಯಲ್ಲಿರುವುದನ್ನು ತೋರಿಸಬೇಕಾದರೆ ಮೊದಲು ಅಲ್ಲಿರುವುದನ್ನೆಲ್ಲ ತೆಗೆದುಹಾಕಬೇಕೆಂದು ಗ್ವೋಜ್ದೆನ್‌ಗೆ ಬೇಗನೆ ಅರಿವಾಯಿತು. ನೆಲಮಾಳಿಗೆ ಇಡೀ ಕಟ್ಟಡದಲ್ಲಿ ಶಾಖವೂ ತೇವವೂ ಸದಾ ಒಂದೇ ಸಮನಾಗಿರುವ ಏಕೈಕ ಕೋಣೆ. ಆ ಕಾರಣದಿಂದ ಅಲ್ಲಿ ರೋಮನ್ ಕಾಲದ ಗಾಜಿನ ಕುಡಿಕೆಗಳಿದ್ದವು. ಅದೇ ಕಾರಣದಿಂದ ನೌಕರರೆಲ್ಲರ ಎಲೆಕೋಸಿನ ಪೀಪಾಯಿಗಳೂ ಇದ್ದವು. ಚಳಿಗಾಲಕ್ಕೆಂದು ಅಕ್ಟೋಬರಿನಲ್ಲಿ ಎಲೆಕೋಸನ್ನು ಉಪ್ಪುನೀರಿನಲ್ಲಿ ಹಾಕದ ಮನೆ ನಮ್ಮಲ್ಲಿಲ್ಲ, ಮತ್ತು ಅದು ಹುಳಿಯಾಗುವಾಗ ಬರುವ ವಾಸನೆಗೆ ಗೋಡೆಗಳು ಅಡ್ಡಿಯಲ್ಲ. ಗ್ವೋಜ್ದೆನ್ ಪೀಪಾಯಿಗಳನ್ನು ಸ್ಥಳಾಂತರಿಸಲು ಲಿಖಿತ ಆದೇಶ ಹೊರಡಿಸಿದನು. ಉಪ್ಪುನೀರು ಹುದುಗು ಹಿಡಿದಿರುವಾಗ ಪೀಪಾಯಿ ಅಲುಗಿಸಬಾರದೆಂದು ಹದಿಮೂರು ಸಹಿಗಳುಳ್ಳ ಲಿಖಿತ ಉತ್ತರ ಬಂತು. ಕೊನೆಗೆ ಎರಡು ಪಕ್ಷಗಳೂ ಒಂದು ಒಪ್ಪಂದಕ್ಕೆ ಬಂದವು: ಪೀಪಾಯಿಗಳ ಮೇಲೆ ಸೊಗಸಾದ ಚೀಟಿ ಅಂಟಿಸುವುದು, "ಸಾಂಪ್ರದಾಯಿಕ ಆಹಾರ ಸಂರಕ್ಷಣೆ, ಜೀವಂತ ಪ್ರದರ್ಶನವಸ್ತು".

ಪ್ರೊಕಾನಿಗೆ ಯೋಜನೆಯ ಮೂರನೆಯ ಪುಟದಲ್ಲಿ ಒಂದು ಪಾತ್ರವಿತ್ತು. ಪತ್ರಕರ್ತರು ಮೆಟ್ಟಿಲಿಳಿದು ಬರುವಾಗ ಅವನು "ಆಕಸ್ಮಿಕವಾಗಿ" ಅಲ್ಲಿ ಬೀಗವೊಂದಕ್ಕೆ ಎಣ್ಣೆ ಹಾಕುತ್ತಿರಬೇಕು, ತಲೆ ಎತ್ತಬೇಕು, ಮತ್ತು, "ಈ ಬೀಗದ ಹಿಂದೆ ಶತಮಾನಗಳು ಉಸಿರಾಡುತ್ತಿವೆ" ಎನ್ನಬೇಕು.

"ಉಸಿರಾಡ್ತಿರೋದು ಎಲೆಕೋಸು, ಸಾಹೇಬ್ರೆ," ಎಂದನು ಪ್ರೊಕಾ.

"ಬರೆದದ್ದನ್ನ ಹೇಳು, ಸಾಕು."

"ಹೇಳ್ತೀನಿ. ಆದ್ರೆ ಆ ಬೀಗಕ್ಕೆ ನಾನು ಯಾಕೆ ಎಣ್ಣೆ ಹಾಕ್ಲಿ? ಅದು ಹೊಸದು, ಹೋದ ವಾರ ತಂದಿದ್ದು."

"ಹಾಗಾದ್ರೆ ಹಳೇ ಬೀಗ ಹಾಕು."

"ಹಳೇದಕ್ಕೆ ಕೀಲಿ ಇಲ್ವಲ್ಲ, ಅದಕ್ಕೇ ಹೊಸದು ತಂದಿದ್ದು."

ಪ್ರೊಕಾನ ಪಾತ್ರವನ್ನು ಮೌನಕ್ಕೆ ಇಳಿಸಲಾಯಿತು. ದುರಸ್ತಿಯ ಕೋಣೆಗೆ ಪ್ರೌಢಶಾಲೆಯಿಂದ ಸೂಕ್ಷ್ಮದರ್ಶಕ ಬಂತು. ಪಶುವೈದ್ಯರಿಂದ ಬಿಳಿಯ ಮೇಲಂಗಿಗಳು ಬಂದವು. ವುಕೋಸಾವಾಳಿಗೆ ಸಿಕ್ಕ ಮೇಲಂಗಿಯ ತೋಳು ಭುಜದವರೆಗೆ ಬಿಚ್ಚಿಕೊಳ್ಳುವಂತಿತ್ತು. ಹಸುವಿನ ಹೆರಿಗೆಗೆ ಅನುಕೂಲವಾಗಲೆಂದು. ಎರಡು ಸಲ ಇಡೀ ದರ್ಶನದ ಅಭ್ಯಾಸ ನಡೆಯಿತು. ಮಳೆ ಬಂದರೆ ಏನು, ವಿದ್ಯುತ್ ಹೋದರೆ ಏನು, ಯಾರಾದರೂ ಛಾವಣಿಯ ಕೆಳಗಿನ ಬಕೆಟ್ಟುಗಳ ಬಗ್ಗೆ ಕೇಳಿದರೆ ಏನು ಎಂಬುದಕ್ಕೆಲ್ಲ ಉತ್ತರಗಳಿದ್ದವು. ಪೆತ್ಕಾ ತಾಯಿಯನ್ನು ಮನೆದೇವರೆಂದು ಪೂಜಿಸುವ ಮನುಷ್ಯನೊಬ್ಬನನ್ನು ಅವಳ ಪಟದಿಂದ ಒಂದು ಮಾರು ದೂರದಲ್ಲಿ ನಿಲ್ಲಿಸಿದರೆ ಅವನು ಏನು ಮಾಡುತ್ತಾನೆ ಎಂಬ ಪ್ರಶ್ನೆ ಮಾತ್ರ ಯಾರಿಗೂ ಹೊಳೆಯಲಿಲ್ಲ. ನಮ್ಮ ದೇಶದ ಯಾವ ಚರ್ಚಿಗೆ ಹೋದರೂ ಮೂರು ವರ್ಷದ ಮಗುವೂ ಅದನ್ನು ಮಾಡಿ ತೋರಿಸುತ್ತದೆ. ಆದರೆ ಹದಿನಾಲ್ಕು ತಿಂಗಳು ೨೨೧೭ ಎಂದು ಕರೆದವರಿಗೆ ಅದು ಮರೆತುಹೋಗಿತ್ತು. ತನಗೂ ಮರೆತಿತ್ತು ಎಂದು ವುಕೋಸಾವಾ ಒಪ್ಪಿಕೊಳ್ಳುತ್ತಾಳೆ.

ಹತ್ತೊಂಬತ್ತನೆಯ ತಾರೀಕು ಬಂತು. ಪತ್ರಕರ್ತರು ಹಳ್ಳಿಗಳ ಪಾಠದಲ್ಲಿ ನಲವತ್ತು ಮಂದಿ, ಪ್ರೊಕಾನ ಪಾಠದಲ್ಲಿ ಒಂಬತ್ತು. ವುಕೋಸಾವಾ ಏಳು ಎನ್ನುತ್ತಾಳೆ. ಅವರಲ್ಲಿ ಇಬ್ಬರು ಚಾಲಕರು. ಪ್ರಾದೇಶಿಕ ದೂರದರ್ಶನದ ತಿಯಾನಾ ಎಂಬ ವರದಿಗಾರ್ತಿ ತನ್ನ ಕ್ಯಾಮೆರಾದವನೊಂದಿಗೆ ಎಲ್ಲರಿಗಿಂತ ಮುಂದಿದ್ದಳು. ಉಪಕಾರ್ಯದರ್ಶಿ ವೆಲಿಬೋರ್ ನಲವತ್ತೈದು ನಿಮಿಷ ತಡವಾಗಿ ಬಂದರು: ಎತ್ತರದ, ದಪ್ಪ ಮೀಸೆಯ, ಎದುರಾದವರೆಲ್ಲರ ಕೈಯನ್ನು ಎರಡೂ ಕೈಗಳಿಂದ ಹಿಡಿಯುವ ಮನುಷ್ಯ. ನೆಲಮಾಳಿಗೆಯಲ್ಲಿ ಅವರು ರೋಮನ್ ಕುಡಿಕೆಗಳನ್ನು ದಾಟಿ ನೇರವಾಗಿ ಪೀಪಾಯಿಗಳ ಮುಂದೆ ನಿಂತು, ಮುಚ್ಚಳ ಎತ್ತಿಸಿ, "ಉಪ್ಪು ಸ್ವಲ್ಪ ಕಮ್ಮಿ ಆಯ್ತು" ಎಂದು ಅಭಿಪ್ರಾಯಪಟ್ಟರು. ಎಲ್ಲರೂ ಬರೆದುಕೊಂಡರು.

ದುರಸ್ತಿಯ ಕೋಣೆಗೆ ಬಂದಾಗ ಹನ್ನೆರಡೂ ಇಪ್ಪತ್ತೈದು. ವುಕೋಸಾವಾ ಮೇಜಿನ ಹಿಂದೆ ನಿಂತಿದ್ದಳು. ಮೇಜಿನ ಮೇಲೆ ನೀಲಿಯ ಸೀಸೆ, ಹತ್ತಿ, ಕಡ್ಡಿಗಳು, ಮಧ್ಯದಲ್ಲಿ ಓರೆಯಾಗಿ ನಿಲ್ಲಿಸಿದ ಹಲಗೆ. ಗ್ವೋಜ್ದೆನ್ ಗಂಟಲು ಸರಿಪಡಿಸಿಕೊಂಡನು.

"ಇನ್ನೂರು ವರ್ಷ ಈ ಕಣ್ಣು ಲೋಕವನ್ನ ನೋಡಿಲ್ಲ. ಇನ್ನು ನಾಲ್ಕೇ ನಿಮಿಷದಲ್ಲಿ, ನಿಮ್ಮ ಎದುರಿಗೇ, ನಮ್ಮ ತಜ್ಞೆ..."

ಉಪಕಾರ್ಯದರ್ಶಿಗಳಿಗೆ ಅವನ ಮಾತು ಕೇಳಿಸಲಿಲ್ಲ. ಅವರ ಮುಖ ಒಮ್ಮೆಗೇ ಬದಲಾಗಿತ್ತು. "ಅಮ್ಮಾ, ಪೆತ್ಕಾ ತಾಯಿ," ಎಂದರು. ಆ ದನಿಯಲ್ಲಿ ನಟನೆಯೇನೂ ಇರಲಿಲ್ಲ ಎಂದು ಮೂರು ಪಾಠಗಳೂ ಹೇಳುತ್ತವೆ. ಅವರು ಮೂರು ಸಲ ಶಿಲುಬೆಯ ಗುರುತು ಮಾಡಿ, ಸಂತಳ ಕೈಗೆ ಮುತ್ತಿಡಲು ಬಾಗಿದರು.

ಇಲ್ಲಿಗೇ ಮುಗಿದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಕೈಯ ಬಣ್ಣ ಗಟ್ಟಿಯಾಗಿತ್ತು, ಮೇಲೆ ಹೊಸ ಮೆರುಗೆಣ್ಣೆಯೂ ಬಿದ್ದಿತ್ತು. ಆದರೆ ಕ್ಯಾಮೆರಾದವನು ಕೂಗಿದನು: "ಸ್ವಲ್ಪ ಮೇಲೆ ಸಾರ್! ಅಲ್ಲಿ ಬೆಳಕಿಲ್ಲ!"

ಸಾರ್ವಜನಿಕ ಜೀವನದಲ್ಲಿ ಇಪ್ಪತ್ತು ವರ್ಷ ಕಳೆದವರು ಇಂಥ ಕೂಗಿಗೆ ಯೋಚಿಸದೆ ವಿಧೇಯರಾಗುತ್ತಾರೆ. ವೆಲಿಬೋರ್ ಒಂದು ಗೇಣು ಮೇಲಕ್ಕೆ ಸರಿದು, ಕಣ್ಣು ಮುಚ್ಚಿ, ಸಂತಳ ಮುಖದ ಎಡಭಾಗಕ್ಕೆ ತುಟಿಯೊತ್ತಿದರು. ದೀರ್ಘವಾಗಿ ಒತ್ತಿದರು, ಏಕೆಂದರೆ ಛಾಯಾಗ್ರಾಹಕರು ಮೂವರಿದ್ದರು.

ಅವರು ತಲೆ ಎತ್ತಿದಾಗ ಪೆತ್ಕಾ ತಾಯಿ ಎರಡು ಕಣ್ಣುಗಳಿಂದ ನೋಡುತ್ತಿದ್ದಳು.

"ನನಗೆ ಕಾಫಿ ವಿಷಯ ಗೊತ್ತಿತ್ತು," ಎನ್ನುತ್ತಾನೆ ಪ್ರೊಕಾ, "ಗಂಜಿ ಕಲಸೋಕೆ ಪಾತ್ರೆ ಕೊಟ್ಟವನೇ ನಾನು. ಆದ್ರೂ ಕೈ ತಾನಾಗೇ ಹಣೆಗೆ ಹೋಯ್ತು ನೋಡಿ."

"ನೋಡಿದ್ರಾ?" ಎಂದರು ವೆಲಿಬೋರ್, ಮೆಲ್ಲಗೆ. ಆಮೇಲೆ ಜೋರಾಗಿ, "ನೋಡಿದ್ರಾ ಎಲ್ರೂ? ನನ್ನ ಮನೆದೇವ್ರು! ನನ್ನನ್ನ ನೋಡೋಕೆ ಕಣ್ಣು ತೆಗೆದ್ಲು!" ಅವರ ಮೀಸೆಯ ತುದಿ ಕಂದಾಗಿತ್ತು.

ತಿಯಾನಾ ಕ್ಯಾಮೆರಾದವನ ಕಡೆಗೆ ತಿರುಗಿದಳು. "ಸಿಕ್ತಾ?"

"ಸಾಹೇಬ್ರ ತಲೆ ಅಡ್ಡ ಬಂತು."

"ಸಾರ್, ಇನ್ನೊಂದ್ಸಲ ಮಾಡಿ ಸಾರ್, ದಯವಿಟ್ಟು! ಸ್ವಲ್ಪ ಈ ಕಡೆಯಿಂದ. ಆಮೇಲೆ ನಾನೂ ಮುತ್ತಿಡ್ತೀನಿ, ನಮ್ಮಮ್ಮನಿಗೆ ಕಣ್ಣಿನ ಪೊರೆ."

ಅವಳ ಹಿಂದೆ ಆಗಲೇ ಸಾಲು ಬೆಳೆದಿತ್ತು: ಪತ್ರಕರ್ತರು, ಇಬ್ಬರು ಚಾಲಕರು, ಟಿಕೆಟ್ಟಿನ ಹೆಂಗಸು. ವೆಲಿಬೋರ್ ಮೀಸೆ ತೀಡಿಕೊಂಡು ಮತ್ತೆ ಬಾಗಲು ಸಿದ್ಧರಾದರು. ಮೊದಲ ಮುತ್ತಿನೊಂದಿಗೆ ಕಾಫಿಯೂ ಹೋಗಿತ್ತು, ಮೇಣವೂ ಹೋಗಿತ್ತು. ಈಗ ಅಲ್ಲಿದ್ದದ್ದು ಈರುಳ್ಳಿಯ ಒಳಸಿಪ್ಪೆಯಷ್ಟು ಬಣ್ಣ, ಅದರ ಮೂಲೆಯಲ್ಲಿ ಒಂದು ಕೂದಲೆಳೆಯ ಕೆಂಪು. ವುಕೋಸಾವಾ ಮೇಜಿನ ಈಚೆಗೆ ಬಂದು ಹಲಗೆಗೆ ಬೆನ್ನು ಕೊಟ್ಟು ನಿಂತಳು.

"ಬೇಡಿ. ಅದು ಕಾಫಿ."

"ಏನಮ್ಮಾ?" ಎಂದರು ವೆಲಿಬೋರ್.

"ಕಣ್ಣನ್ನ ನಾನೇ ತೆಗೆದೆ, ಹದಿನೈದು ದಿನದ ಹಿಂದೆ. ಆಮೇಲೆ ಕಾಫಿ ಗಸಿ ಬಳಿದೆ, ನಿಮ್ಮೆದುರಿಗೆ ಒರೆಸೋಣ ಅಂತ. ನೀವು ಒರೆಸಿದ್ರಿ. ಪವಾಡ ಗಿವಾಡ ಏನೂ ಇಲ್ಲ. ನಾನು ಮಾಡಿದ್ದು ತಪ್ಪು. ಇನ್ಯಾರೂ ಮುಟ್ಬೇಡಿ, ಬಣ್ಣ ಹೋಗುತ್ತೆ."

ಗ್ವೋಜ್ದೆನ್ ನಕ್ಕನು. ಅಂಥ ನಗುವನ್ನು ತಾನು ಒಮ್ಮೆ ಮಾತ್ರ ಕೇಳಿದ್ದೆ, ಬಾವಿಗೆ ಬಿದ್ದ ಟಗರಿನಿಂದ ಎಂದು ಪ್ರೊಕಾ ಹೇಳುತ್ತಾನೆ. "ನಮ್ಮ ವುಕೋಸಾವಾ ಮೇಡಂಗೆ ತಮಾಷೆ ಜಾಸ್ತಿ!"

ವೆಲಿಬೋರ್ ಮೀಸೆಯ ತುದಿಯನ್ನು ನಾಲಿಗೆಯಿಂದ ಸವರಿ ನೋಡಿದರು. "ಹೌದು, ಕಾಫಿ ರುಚಿ ಇದೆ. ಬೆಳಿಗ್ಗೆ ಕುಡಿದಿದ್ದೆನಲ್ಲ." ಅವರು ವುಕೋಸಾವಾಳ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡರು. "ಎಂಥಾ ವಿನಯ ನೋಡಿ! ಇಂಥವರು ಹೇಳಿದ್ರೆ ಪವಾಡವೂ ಕಾಫಿ ಆಗ್ಬಿಡುತ್ತೆ. ಸ್ವಲ್ಪ ಸರೀರಿ ತಾಯಿ."

"ಸರಿಯೋದಿಲ್ಲ."

"ಮೇಡಂ!" ಎಂದನು ಗ್ವೋಜ್ದೆನ್.

ತಿಯಾನಾ ಆಗಲೇ ವುಕೋಸಾವಾಳ ತೋಳಿನ ಕೆಳಗಿನಿಂದ ನುಸುಳಿ ತುಟಿಗಳನ್ನು ಮುಂದೆ ಚಾಚಿದ್ದಳು. ಆಗ ವುಕೋಸಾವಾ ಇನ್ನೊಂದು ಸತ್ಯವನ್ನು ಹೇಳಿದಳು.

"ಆ ಹಲಗೆ ಮೇಲೆ ಪಾಷಾಣ ಇದೆ."

ತುಟಿಗಳು ನಿಂತವು.

"ಹಳೇ ಚಿತ್ರಕಾರರು ಹಳದಿಗೆ ಹರಿದಳ ಹಾಕೋರು. ಹರಿದಳ ಅಂದ್ರೆ ಪಾಷಾಣ, ಇಲಿಗೆ ಹಾಕ್ತಾರಲ್ಲ ಅದು. ಪುಸ್ತಕದಲ್ಲಿದೆ, ಬೇಕಾದ್ರೆ ನೋಡಿ."

ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆ ಹಳದಿ ಇದ್ದದ್ದು ಸಂತಳ ತಲೆಯ ಸುತ್ತಿನ ಪ್ರಭೆಯ ಹೊರ ಅಂಚಿನಲ್ಲಿ, ಕಣ್ಣಿನಿಂದ ನಾಲ್ಕು ಬೆರಳು ದೂರದಲ್ಲಿ, ಎರಡು ಪದರ ಮೆರುಗೆಣ್ಣೆಯ ಕೆಳಗೆ ಎಂಬುದನ್ನು ಅವಳು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಕಾಫಿಯನ್ನು ಒಬ್ಬರೂ ನಂಬದ ಆ ಕೋಣೆಯಲ್ಲಿ ಪಾಷಾಣವನ್ನು ಎಲ್ಲರೂ ಒಮ್ಮೆಗೇ ನಂಬಿದರು. ಸಾಲು ಹಿಂದುಗಡೆಯಿಂದ ಕರಗಲಾರಂಭಿಸಿತು. ಚಾಲಕರು ಮೊದಲು ಹೋದರು.

"ನಾನು... ನಾನು ನೆಕ್ಕಿದ್ನಲ್ಲಾ!" ಎಂದರು ವೆಲಿಬೋರ್.

"ಬಾಯಿ ತೊಳ್ಕೊಳ್ಳಿ," ಎಂದಳು ವುಕೋಸಾವಾ.

ಅವರು ಮೇಜಿನ ಮೇಲಿನ ನೀಲಿಯ ಸೀಸೆಯನ್ನು ಎತ್ತಿದರು. "ಅದನ್ನ ಕುಡೀಬೇಡಿ ಸಾರ್!" ಎಂದು ಗ್ವೋಜ್ದೆನ್ ಕಿರುಚಿದನು, ಅದು ಬರೀ ನೀರೆಂಬುದು ಆ ಕ್ಷಣದಲ್ಲಿ ಅವನಿಗೇ ಮರೆತಿತ್ತು. ಈ ಕಿರುಚಾಟ ಕೇಳಿ ಉಪಕಾರ್ಯದರ್ಶಿಗಳು ಸೀಸೆಯನ್ನು ಕೆಳಗಿಟ್ಟು ತಾವೂ ನೆಲದ ಮೇಲೆ ಕುಳಿತುಬಿಟ್ಟರು. ಆಂಬುಲೆನ್ಸಿಗೆ ಕಾಯದೆ ಅವರನ್ನು ದೂರದರ್ಶನದ ವಾಹನದಲ್ಲಿ ಆಸ್ಪತ್ರೆಗೆ ಒಯ್ದರು. ಮುತ್ತಿನ ಚಿತ್ರ ಸಿಗದಿದ್ದ ಕ್ಯಾಮೆರಾದವನಿಗೆ ಈ ಪ್ರಯಾಣದ ಚಿತ್ರ ಇಡಿಯಾಗಿ ಸಿಕ್ಕಿತು.

ಕೋಣೆ ಖಾಲಿಯಾದ ಮೇಲೆ ವುಕೋಸಾವಾ ಬಾಗಿಲು ಹಾಕಿ ಚಿಲಕ ಇಟ್ಟಳು. ಭೂತಗನ್ನಡಿ ತೆಗೆದುಕೊಂಡು ಕಣ್ಣಿನ ಮೇಲೆ ಬಾಗಿದಳು. ಕೆಂಪು ಗೆರೆ ಇತ್ತು. ರೆಪ್ಪೆಯ ಕೆಳಗೆ, ಮೀಸೆ ಉಜ್ಜಿದ ಕಡೆ, ಸಾಸಿವೆಯ ಕಾಲುಭಾಗದಷ್ಟು ಬಣ್ಣ ಎದ್ದಿತ್ತು. ಅಂದು ಸಂಜೆಯೊಳಗೆ ಅದನ್ನು ಕೂರಿಸಿದಳು; ಮರುದಿನ ಬೆಳಿಗ್ಗೆ ಮೊದಲ ಪದರ ಮೆರುಗೆಣ್ಣೆ ಎಳೆದಳು. ಆ ಎರಡು ದಿನ ಅವಳ ಬಾಗಿಲನ್ನು ಯಾರೂ ತಟ್ಟಲಿಲ್ಲ. ಒಳಗೆ ಪಾಷಾಣವಿದೆಯೆಂದು ಊರಿಗೆಲ್ಲ ತಿಳಿದಿತ್ತು.

ಆಸ್ಪತ್ರೆಯಲ್ಲಿ ಉಪಕಾರ್ಯದರ್ಶಿಗಳ ರಕ್ತ ತೆಗೆದು ನೋಡಿದರು. ರಕ್ತದೊತ್ತಡ ಏರಿತ್ತು; ಬೇರೇನೂ ಸಿಗಲಿಲ್ಲ. ಪತ್ರಿಕೆಗಳಿಗೆ ಇದಕ್ಕಿಂತ ಹೆಚ್ಚೇನೂ ಬೇಕಾಗಿರಲಿಲ್ಲ. ಒಂದು ಪತ್ರಿಕೆ "ಮುತ್ತಿಗೆ ಕಣ್ತೆರೆದ ತಾಯಿ" ಎಂದು ಬರೆಯಿತು. ಇನ್ನೊಂದು, ಮನುಷ್ಯನೊಬ್ಬ ಪಾಷಾಣ ನೆಕ್ಕಿಯೂ ಬದುಕಿದನೆಂದರೆ ಪವಾಡ ಒಂದಲ್ಲ, ಎರಡು ಎಂದು ಲೆಕ್ಕ ಹಾಕಿತು. ವೆಲಿಬೋರ್ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು, ತಾಯಿ ಕೊಲ್ಲಬಹುದಾಗಿತ್ತು, ಕಾಯ್ದಳು ಎಂದರು. ಕಾಫಿಯ ಮಾತನ್ನು ತಿಯಾನಾ ಒಬ್ಬಳೇ ವರದಿಯಲ್ಲಿ ಸೇರಿಸಿದ್ದಳು: "ದರ್ಶನದ ಕೊನೆಯಲ್ಲಿ ಅತಿಥಿಗಳಿಗೆ ಕಾಫಿಯ ವ್ಯವಸ್ಥೆ ಇತ್ತು."

ನಾಲ್ಕನೆಯ ದಿನ ಗ್ವೋಜ್ದೆನ್ ಕಾಗದಗಳ ಕಟ್ಟು ಹಿಡಿದು ಬಾಗಿಲ ಹೊರಗೆ ನಿಂತನು.

"ತೇತಾ ವುಕಾ, ಒಳಗೆ ಬರ್ಲಾ? ಅಪಾಯ ಇಲ್ವಾ?"

"ಬಾ ಮಗಾ. ಏನನ್ನೂ ನೆಕ್ಬೇಡ, ಅಷ್ಟೇ."

ಅವನು ಒಂದೊಂದೇ ಕಾಗದ ಮುಂದಿಟ್ಟನು. ಮೊದಲನೆಯದು ಸಚಿವಾಲಯದ್ದು: ಪಟವನ್ನು ಸಾರ್ವಜನಿಕ ದರ್ಶನಕ್ಕೆ ಇಡತಕ್ಕದ್ದು, ಜನರ ಜೀವರಕ್ಷಣೆಗಾಗಿ ಬೀಗವಿರುವ ಗಾಜಿನ ಪೆಟ್ಟಿಗೆಯೊಳಗೆ ಇಡತಕ್ಕದ್ದು. ಎರಡನೆಯದು ವುಕೋಸಾವಾಳಿಗೆ ಲಿಖಿತ ಛೀಮಾರಿ: ವಿಷವಿರುವ ವಸ್ತುವಿನ ಬಳಿ ಎಚ್ಚರಿಕೆಯ ಫಲಕ ಹಾಕದೆ ಕರ್ತವ್ಯಲೋಪ ಎಸಗಿರುತ್ತೀರಿ. ಮೂರನೆಯದು ಪೆಟ್ಟಿಗೆಯ ಪಕ್ಕದಲ್ಲಿ ತೂಗುಹಾಕುವ ಬರಹ: ಸಂತ ಪೆತ್ಕಾ, ಎಡಗಣ್ಣು ಅಕ್ಟೋಬರ್ ಹತ್ತೊಂಬತ್ತರಂದು ಉಪಕಾರ್ಯದರ್ಶಿಗಳ ಮುತ್ತಿನಿಂದ ತೆರೆಯಿತು.

ಅವಳು ಮೂರನ್ನೂ ಓದಿದಳು. ಗ್ವೋಜ್ದೆನ್ ನೆಲ ನೋಡುತ್ತಿದ್ದನು.

"ನಿಮ್ಮ ಹೆಸರು ಹಾಕೋಣ ಅಂತ ನನಗೂ ಇತ್ತು ತೇತಾ. ಆದ್ರೆ ಎಲ್ಲಿ ಅಂತ ಹಾಕೋದು? 'ತೆರೆಯಿತು' ಅನ್ನೋದರ ಹಿಂದೆಯೋ ಮುಂದೆಯೋ? ಹೇಗೆ ಹಾಕಿದ್ರೂ ಸಾಹೇಬ್ರಿಗೆ ಬೇಜಾರಾಗುತ್ತೆ."

"ಗಾಜು ಎಷ್ಟು ದಪ್ಪ ಇರುತ್ತೆ?"

"ಏನು?"

"ಪೆಟ್ಟಿಗೆ ಗಾಜು ಕಣೋ. ಎಷ್ಟು ದಪ್ಪ?"

"ಎಂಟು ಮಿಲಿಮೀಟರ್. ಒಡೆಯಲ್ಲ. ಎಂಟು ವರ್ಷದಿಂದ ನಾನು ಗಾಜು ಕೇಳ್ತಾನೇ ಇದ್ದೆ, ಮೂರು ದಿನದಲ್ಲಿ ಬಂತು ನೋಡಿ."

"ಕೀಲಿ ಯಾರ ಹತ್ರ?"

"ವಿಷ ತಾನೇ, ಬೇರೆ ಯಾರೂ ಇಟ್ಕೊಳ್ಳೋಕೆ ಒಪ್ತಿಲ್ಲ. ನಿಮ್ಮ ಹತ್ರಾನೇ."

ವುಕೋಸಾವಾ ಪೆನ್ನಿಗಾಗಿ ಕೈ ಚಾಚಿದಳು. ಛೀಮಾರಿಯ ಕೆಳಗೆ ಸಹಿ ಹಾಕಿದಳು. ಅದರ ನಕಲಿನ ಮೇಲೂ ಹಾಕಿದಳು. ಗ್ವೋಜ್ದೆನ್ ಇನ್ನೂ ನಿಂತಿರುವುದನ್ನು ಕಂಡು, ಬರಹದ ಕರಡಿನಲ್ಲಿ "ಮುತ್ತಿನಿಂದ" ಎಂಬುದರ ಹಿಂದೆ "ಭಕ್ತಿಯ" ಎಂದು ಸೇರಿಸಿದರೆ ಸಾಹೇಬರಿಗೆ ಇನ್ನಷ್ಟು ಸಂತೋಷವಾಗಬಹುದೆಂದು ಸಲಹೆ ಕೊಟ್ಟಳು. ಆ ಸಲಹೆ ಸ್ವೀಕೃತವಾಗಿದೆ, ಹೋದವರು ಓದಬಹುದು.

ಈಗ ದಿನಕ್ಕೆ ಇನ್ನೂರು ಮುನ್ನೂರು ಜನ ಬರುತ್ತಾರೆ. ಅವರೆಲ್ಲ ಹಳ್ಳಿಗಳ ಪಾಠವನ್ನು ಬಲ್ಲವರು. ಅದರ ಪ್ರಕಾರ ಉಪಕಾರ್ಯದರ್ಶಿ ಹುಟ್ಟುಗುರುಡನಾಗಿದ್ದನು, ಮತ್ತು ಎಡಗಣ್ಣು ಬಾಗಿಲಿನ ಕಡೆ ನೋಡುವುದು ಇನ್ನೂ ಬಾರದೆ ಉಳಿದವರಿಗಾಗಿ. ಎಚ್ಚರಿಕೆಯ ಫಲಕವನ್ನು ಓದಿ, ಶಿಲುಬೆಯ ಗುರುತು ಮಾಡಿ, ಅವರು ಗಾಜಿಗೆ ಮುತ್ತಿಡುತ್ತಾರೆ. ಸಂಜೆ ಐದಕ್ಕೆ ಪ್ರೊಕಾ ಹೊರಬಾಗಿಲು ಹಾಕಿದ ಮೇಲೆ ವುಕೋಸಾವಾ ನೀರಿಗೆ ಸ್ವಲ್ಪ ವಿನೆಗರ್ ಬೆರೆಸಿಕೊಂಡು, ಒಗೆದ ಹಳೆಯ ದಿಂಬಿನ ಬಟ್ಟೆಯೊಂದನ್ನು ಹಿಡಿದು ಬರುತ್ತಾಳೆ. ನಾನು ಹೋದ ದಿನ ಗಾಜಿನ ಕೆಳಭಾಗವೆಲ್ಲ ತುಟಿಗಳ ಗುರುತಿನಿಂದ ಮಂಜು ಹಿಡಿದಂತಿತ್ತು.

"ಇಷ್ಟೊಂದು ಒರೆಸಿ ಒರೆಸಿ ಬೇಜಾರಾಗಲ್ವೇ?" ಎಂದು ಕೇಳಿದೆ.

"ಯಾಕೆ ಬೇಜಾರು? ಗಾಜು ತಾನೆ," ಎಂದಳು. ಬಟ್ಟೆಯನ್ನು ಹಿಂಡಿ, ಅಂಗೈಯಷ್ಟು ಜಾಗವನ್ನು ಸ್ವಚ್ಛ ಮಾಡಿ, ಅದರೊಳಗಿಂದ ಕಣ್ಣನ್ನು ಸ್ವಲ್ಪ ಹೊತ್ತು ನೋಡಿ, ಉಳಿದದ್ದನ್ನು ಒರೆಸಲು ಶುರುಮಾಡಿದಳು.